ಆರನೆಯ ನಮೂನೆ

ಅವ್ವನ ಹತ್ತಿರ ಥರ್ಮಾಮೀಟರ್ ಇರಲಿಲ್ಲ. ಇಲ್ಲಿ ಲ್ಯಾಬಿನಲ್ಲಿ ಕಪಾಟಿನ ಬಾಗಿಲಿಗೂ ಒಂದು ನೇತಾಡುತ್ತಿದೆ, ಇಪ್ಪತ್ತೇಳು ತೋರಿಸುತ್ತಿದೆ, ಯಾರೂ ಕೇಳದಿದ್ದರೂ ತೋರಿಸುತ್ತಲೇ ಇರುತ್ತದೆ, ಬಾಗಿಲಿನ ಹಿಂದೆ ಕತ್ತಲಲ್ಲಿ ನನ್ನ ಗಾಜಿನ ಕೊಳವೆಗಳು ನಿಂತಿವೆ, ಮಧ್ಯಾಹ್ನ ಎರಡು ಹತ್ತಕ್ಕೆ ಒಳಗಿಟ್ಟೆ, ಎರಡು ನಲವತ್ತರವರೆಗೆ ಬೆಳಕು ತಾಗಬಾರದು, ಇಣುಕಿ ನೋಡುವಂತಿಲ್ಲ, ಮೂವತ್ತು ನಿಮಿಷ ಸುಮ್ಮನೆ ಈ ಸ್ಟೂಲಿನ ಮೇಲೆ ಕೂತಿರಬೇಕು, ಅಷ್ಟೇ ಕೆಲಸ. ಹೊರಗೆ ಸೇಡಂ ಬಸ್‌ಸ್ಟ್ಯಾಂಡ್ ಕಡೆಯಿಂದ ಹಾರ್ನ್ ಕೇಳುತ್ತಿದೆ, ಮಳೆ ಹೆಚ್ಚೂ ಆಗುತ್ತಿಲ್ಲ, ನಿಲ್ಲುತ್ತಲೂ ಇಲ್ಲ, ಆಗಸ್ಟ್ ತಿಂಗಳು ಹೀಗೇ. ಕೊಳವೆಯಲ್ಲಿರುವುದು ನೇರಳೆ ಬಣ್ಣದ ದ್ರವ, ಅದಕ್ಕೆ ಒಂದೇ ಚಟ, ಪಕ್ಕಕ್ಕೆ ಬಂದವರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುವುದು, ಕೊಡುವವರು ಸಿಕ್ಕರೆ ಬಣ್ಣ ಇಳಿದು ಹಳದಿಗೆ ತಿರುಗುತ್ತದೆ, ಎಷ್ಟು ಇಳಿಯಿತೋ ಅಷ್ಟು ಆ ಕಾಳಿನ ಆಂಟಿಆಕ್ಸಿಡೆಂಟ್ ಶಕ್ತಿ. ಅವ್ವನಿಗೆ ಇದನ್ನು ಹೇಳಿದಾಗ, ಹೆಚ್ಚಿಟ್ಟ ಬದನಿಕಾಯಿ ಕರ್ರಗ ಆಗ್ತದಲ್ಲ, ಅದನ್ನ ತಡಿಯೋದು ಅನ್ನು, ಇಷ್ಟುದ್ದ ಯಾಕ ಹೇಳ್ತಿ, ಅಂದಿದ್ದಳು. ಸರಿಯಾಗೇ ಹೇಳಿದ್ದಳು. ಸೋಯಾ ಕಾಳನ್ನು ಆರು ಥರ ಸಂಸ್ಕರಿಸಿ ಪ್ರೋಟೀನು ತೆಗೆದು ನೋಡುವುದು ನನ್ನ ಪ್ರಾಜೆಕ್ಟು, ಒಂದು ಹಸಿ, ಎರಡು ನೀರಲ್ಲಿ ಕುದಿಸಿದ್ದು, ಮೂರು ಕುಕ್ಕರಿನ ಹಬೆ, ನಾಲ್ಕು ಓವನ್ನಿನಲ್ಲಿ ಹುರಿದದ್ದು, ಐದು ಮೊಳಕೆ, ಆರು ಅವ್ವನದು. ಒಂದೊಂದಕ್ಕೆ ಮೂರು ಓದಿಕೆ, ಒಟ್ಟು ಹದಿನೆಂಟು. ಹದಿನೇಳು ಮುಗಿದಿವೆ. ಕಪಾಟಿನಲ್ಲಿರುವುದು ಹದಿನೆಂಟನೆಯದು, ಆರನೆಯ ನಮೂನೆಯ ಮೂರನೆಯ ಓದಿಕೆ. ಮೂರೂ ಹೊಂದಿದರೆ ಸಾಲು ಉಳಿತದ, ಇಲ್ಲಾಂದ್ರ ತೆಗೆದುಬಿಡು ಲುಂಬಿನಿ, ಅಂದಿದ್ದಾರೆ ಶಿವರಂಜನಿ ಮೇಡಂ. ಉಳಿದರೆ ಪ್ರಾಜೆಕ್ಟಿನ ಪುಸ್ತಕದ ಕೋಷ್ಟಕದಲ್ಲಿ ಆ ಸಾಲಿನ ಮುಂದೆ ಭೀಮಬಾಯಿ ವಿಧಾನ ಅಂತ ಅಚ್ಚಾಗುತ್ತದೆ. ಭೀಮಬಾಯಿ ನನ್ನ ಅವ್ವ.

ಅವಳ ವಿಧಾನ ಒಂದು ತಪ್ಪಿನಿಂದ ಹುಟ್ಟಿತು, ಆಗ ನನಗೆ ಏಳು ವರ್ಷ, ಆಡಕಿಯಲ್ಲಿದ್ದೆವು, ಚಿಂಚೋಳಿಯ ಸುರೇಶಕುಮಾರ ಮಾಮಾ ತೊಗರಿ ಬಿಟ್ಟು ಸೋಯಾ ಹಾಕಿದ ವರ್ಷ ಒಂದು ಚೀಲ ನಮ್ಮ ಮನೆಗೆ ತಂದು ಇಳಿಸಿದ್ದ, ಮಕ್ಕಳಿಗ ತಿನ್ನಸು ಅಕ್ಕಾ, ಮಾಂಸಕ್ಕಿಂತ ಜಾಸ್ತಿ ಅದ ಇದರಾಗ ಅಂತಾರ, ಅಂದು ಚಹಾ ಕುಡಿದು ಹೋದ. ಅವ್ವ ಸಾರು ಮಾಡಿದಳು, ಉಸುಳಿ ಮಾಡಿದಳು, ಕುಟ್ಟಿ ರೊಟ್ಟಿಯ ಹಿಟ್ಟಿಗೆ ಬೆರೆಸಿದಳು, ಏನು ಮಾಡಿದರೂ ಆ ಹಸಿ ವಾಸನೆ, ಎಲೆ ಜಜ್ಜಿದಂಥ, ಒದ್ದೆ ಮೇವಿನಂಥ ವಾಸನೆ, ನನಗೂ ತಮ್ಮನಿಗೂ ಹೊಟ್ಟೆ ಕೆಟ್ಟು ಎರಡು ದಿನ ಸ್ಕೂಲು ತಪ್ಪಿತು, ಅಪ್ಪ ತಾಟು ಸರಿಸಿ, ಇದನ್ನ ಎಮ್ಮಿಗ ಹಾಕು, ಅಂದ, ನಮ್ಮ ಹತ್ತಿರ ಎಮ್ಮೆ ಇರಲಿಲ್ಲ. ಏಪ್ರಿಲ್ ಬಂತು, ಭೀಮ ಜಯಂತಿಗೆ ನಾಲ್ಕು ದಿನ ಇರುವಾಗ ನಮ್ಮ ಓಣಿಯಲ್ಲಿ ಎಲ್ಲರ ಮನೆಗೂ ಸುಣ್ಣ, ಕಲ್ಲುಸುಣ್ಣ ಗಡಿಗೆಯಲ್ಲಿ ಹಾಕಿ ನೀರು ಸುರಿದರೆ ಕುದಿಯುತ್ತದೆ, ನಾವು ದೂರ ನಿಂತು ನೋಡುತ್ತೇವೆ, ಬಾಬಾಸಾಹೇಬರ ಫೋಟೋಕ್ಕೆ ಹೊಸ ಮೊಳೆ, ನೀಲಿ ಝಂಡಾಕ್ಕೆ ಹೊಸ ಬಿದಿರು, ಗೋಡೆಯ ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ನನ್ನ ಕೆಲಸ, ಅದು ಎಂದೂ ನೆಟ್ಟಗೆ ಬರುತ್ತಿರಲಿಲ್ಲ. ಬಳಿದು ಉಳಿದ ಸುಣ್ಣ ತಳಕ್ಕೆ ಕೂತು ಮೇಲೆ ತಿಳಿ ನಿಂತಿತ್ತು, ಒಳಗೆ ಕತ್ತಲೆ, ಅವ್ವ ಅದನ್ನು ಕುಡಿಯುವ ನೀರಿನ ಗಡಿಗೆ ಅಂದುಕೊಂಡು ತಂಬಿಗೆಯಲ್ಲಿ ಎತ್ತಿ ಸೋಯಾ ನೆನೆ ಹಾಕಿದಳು. ಮರುದಿನ ನೋಡಿದರೆ ಕಾಳು ಹಳದಿ ಹತ್ತಿ ನುಣ್ಣಗಾಗಿದ್ದವು, ಸಿಪ್ಪೆ ಬೆರಳಿಗೆ ಬರುತ್ತಿತ್ತು, ಮೂಸಿದಳು, ಮತ್ತೆ ಮೂಸಿದಳು, ಚೆಲ್ಲಲಿಕ್ಕೆ ಮನಸ್ಸಾಗದೆ ಮೂರು ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ, ಕಾಗಿಣಾ ಹೊಳೆಯ ಉಸುಕು ಬಾಣಲೆಯಲ್ಲಿ ಕಾಯಿಸಿ, ಪುಠಾಣಿ ಹುರಿಯುವ ಹಾಗೆ ಹುರಿದಳು. ನಾವು ತಿಂದೆವು. ಮತ್ತೆ ಕೇಳಿದೆವು. ಅಷ್ಟೇ ಆದದ್ದು. ಆಮೇಲೆ ಓಣಿಯ ಹೆಂಗಸರು ಬಂದು ಕೇಳಿದರೆ ಅವ್ವ ಎಲ್ಲ ಹೇಳುತ್ತಿದ್ದಳು, ಸುಣ್ಣದ ತಿಳಿ ಹೇಳುತ್ತಿದ್ದಳು, ಉಸುಕು ಹೇಳುತ್ತಿದ್ದಳು, ಅವರು ಮಾಡಿದರೆ ಬರುತ್ತಿರಲಿಲ್ಲ, ಒಂದು ಕಡೆ ಹಸಿ ಒಂದು ಕಡೆ ಕರಕು. ಇಳಿಸುವ ಹೊತ್ತು ಹ್ಯಾಂಗ ತಿಳಿತದ ಭೀಮಬಾಯಿ, ಅಂದರೆ ಅವಳು ಹೇಳುವುದು ಒಂದೇ, ಹಸಿ ಅರಿವಿಗ ಇಸ್ತ್ರಿ ಇಟ್ಟಾಗ ಒಂದು ವಾಸನಿ ಬರ್ತದ ನೋಡ್ರಿ, ಅದು ಬಂದ ಕೂಡಲೆ ಇಳಸ್ರಿ, ಅದಾದ ಮ್ಯಾಲ ಶೇಂಗಾದ ವಾಸನಿ ಬರ್ತದ, ಅದು ಬಂತಂದ್ರ ತಡ ಆಯ್ತು. ನಮ್ಮ ಓಣಿಯಲ್ಲಿ ಆಗ ಇಸ್ತ್ರಿ ಪೆಟ್ಟಿಗೆ ಯಾರ ಮನೆಯಲ್ಲೂ ಇರಲಿಲ್ಲ, ಹಿತ್ತಾಳೆ ತಂಬಿಗೆಗೆ ಕೆಂಡ ತುಂಬಿ ಇಕ್ಕಳದಲ್ಲಿ ಹಿಡಿದು ನನ್ನ ಸ್ಕೂಲಿನ ಬಿಳಿ ಅಂಗಿಯ ಮೇಲೆ ಒತ್ತುತ್ತಿದ್ದಳು, ಅದರ ವಾಸನೆ ನನಗೆ ಗೊತ್ತು, ಬೆಳಿಗ್ಗೆ ಎದ್ದರೆ ಅದೇ ಇರುತ್ತಿತ್ತು, ನೀರು ಸುಟ್ಟ ವಾಸನೆ, ಗಂಜಿಯ ವಾಸನೆ, ಎದೆಗೆ ಬೆಚ್ಚಗೆ ತಾಗುವ ಅಂಗಿ. ಕಾಳಿನಲ್ಲಿ ಅದನ್ನು ನಾನು ಒಮ್ಮೆಯೂ ಹಿಡಿಯಲಿಲ್ಲ. ಅವ್ವನಿಗೆ ಎಷ್ಟು ಸಲ ಬೇಕಾದರೂ ಸಿಗುತ್ತಿತ್ತು.

ಹೊರಗೆ ಜವಾನ ಖಾಜಾಮಿಯಾ ಬಕೆಟ್ಟು ಎಳೆದುಕೊಂಡು ಹೋದರು, ವರಾಂಡದಲ್ಲಿ ಸೋರುವ ಜಾಗ ಬದಲಾಗಿರಬೇಕು, ಗಂಟೆ ಎರಡು ಹದಿನಾರು. ಅಪ್ಪ ರಾಮಲಿಂಗನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಸಿಕ್ಕಿ ನಾವು ವಾಡಿಗೆ ಬಂದಾಗ ನನಗೆ ಹತ್ತು, ಅವ್ವ ಒಂದು ಚೀಲ ಕಾಗಿಣಾ ಉಸುಕನ್ನೂ ಸಾಮಾನಿನ ಜೊತೆ ಲಾರಿಗೆ ಹಾಕಿದಳು, ಅಲ್ಲೇನು ಉಸುಕು ಸಿಗಂಗಿಲ್ಲೇನ, ಅಂತ ಅಪ್ಪ ನಕ್ಕ, ವಾಡಿಯಲ್ಲಿ ಎಲ್ಲ ಬೂದಿ ಬಣ್ಣದ ಧೂಳು, ಬೇವಿನ ಎಲೆಯ ಮೇಲೆ ಧೂಳು, ಒಣ ಹಾಕಿದ ಅರಿವೆಯ ಮೇಲೆ ಧೂಳು, ಅವ್ವ ಆ ಉಸುಕನ್ನು ವರ್ಷಕ್ಕೊಮ್ಮೆ ತೊಳೆದು ಜರಡಿ ಹಿಡಿದು ಇಟ್ಟುಕೊಂಡಳು. ಅಂಗನವಾಡಿಯಲ್ಲಿ ಅಡಿಗೆಗೆ ಸಹಾಯಕಿ ಬೇಕಾಗಿತ್ತು, ಅವಳು ಸೇರಿದಳು, ನಾನು ಚಿತ್ತಾಪುರದ ಹಾಸ್ಟೆಲ್, ಆಮೇಲೆ ಸೇಡಂ ಹಾಸ್ಟೆಲ್, ಪ್ರತಿ ಸಲ ಹೊರಡುವಾಗ ಒಂದು ಡಬ್ಬಿ ಕಾಳು. ಹಾಸ್ಟೆಲ್ ಲೈಬ್ರರಿ ಅಂದರೆ ಎರಡು ಕಪಾಟು, ಅರ್ಧ ಹಳೆಯ ಗೈಡುಗಳು, ಓದುತ್ತ ಕಾಳು ಜಗಿಯುತ್ತಿದ್ದೆ, ಪುಸ್ತಕಗಳ ಸಂದಿಯಲ್ಲಿ ಈಗಲೂ ಸಿಪ್ಪೆ ಸಿಗಬಹುದು. ಪ್ರೋಟೀನಿನ ರಚನೆ ಪಾಠದಲ್ಲಿ ಬಂದಾಗ ಎಲ್ಲರಿಗೂ ಉಂಡೆ ದಾರದ ಚಿತ್ರ ತೋರಿಸಿದರು, ನನಗೆ ಕಂಡದ್ದು ಟ್ರಂಕಿನಲ್ಲಿ ಮಡಿಚಿಟ್ಟ ಕೌದಿ, ಹಸಿ ಕಾಳಿನಲ್ಲಿ ಪ್ರೋಟೀನು ಹಾಗೆ ಮಡಿಕೆಯ ಮೇಲೆ ಮಡಿಕೆಯಾಗಿ ಕೂತಿರುತ್ತದೆ, ಎಲೆಕ್ಟ್ರಾನ್ ಕೊಡಬಲ್ಲ ತುಂಡುಗಳೆಲ್ಲ ಒಳಮಡಿಕೆಯಲ್ಲಿ ಸಿಕ್ಕಿಕೊಂಡಿರುತ್ತವೆ, ಹದವಾಗಿ ಬಿಸಿ ಕೊಟ್ಟರೆ ಕೌದಿ ಬಿಚ್ಚುತ್ತದೆ, ಸುಣ್ಣದ ತಿಳಿಯಂಥ ಕ್ಷಾರದಲ್ಲಿ ಮೊದಲೇ ನೆನೆದಿದ್ದರೆ ಇನ್ನೂ ಸುಲಭವಾಗಿ ಬಿಚ್ಚುತ್ತದೆ, ಬಿಸಿ ಹೆಚ್ಚಾದರೆ ಬಿಚ್ಚಿದ ಕೌದಿಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ, ನೀರಿನಲ್ಲಿ ಕರಗುವುದಿಲ್ಲ, ಹೊಟ್ಟೆಗೂ ಅಷ್ಟು ಹತ್ತುವುದಿಲ್ಲ. ಅವ್ವ ಹದಿನೈದು ವರ್ಷ ಮಾಡಿದ್ದು ಇಷ್ಟೇ, ಬಿಚ್ಚಿದ ಮೇಲೆ ಅಂಟುವ ಮೊದಲು ಇಳಿಸುವುದು. ಅದನ್ನು ನಾನು ಮೇಡಂಗೆ ಹೇಳಿದಾಗ ಅವರು ನಗಲಿಲ್ಲ, ತಗೊಂಡು ಬಾ ನೋಡೋಣ, ಅಂದರು, ಡಿಸೆಂಬರಿನಲ್ಲಿ ವಾಡಿಗೆ ಹೋದೆ, ಅವ್ವ ಹುರಿದು ಕೊಟ್ಟಳು, ಎರಡು ಓದಿಕೆಗೆ ಸಾಲುವಷ್ಟು ತಂದೆ, ಫೆಬ್ರವರಿಯಲ್ಲಿ ನೋಡಿದರೆ ಹಸಿ ಕಾಳು ನೂರಕ್ಕೆ ಇಪ್ಪತ್ತೊಂದು, ಕುದಿಸಿದ್ದು ಇಪ್ಪತ್ತೇಳು, ಹಬೆ ಮೂವತ್ತಮೂರು, ಓವನ್ ಮೂವತ್ತೆಂಟು, ಮೊಳಕೆ ನಲವತ್ತೊಂದು, ಅವ್ವ ಐವತ್ತೆಂಟು. ಎರಡನೆಯ ಸಲ ಐವತ್ತೇಳು. ಮೇಡಂ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಆ ರಾತ್ರಿ ಫೋನಿನಲ್ಲಿ ಅವ್ವ ಕೇಳಿದಳು, ಪುಸ್ತಕದಾಗ ನನ್ನ ಹೆಸರು ಬರ್ತದೇನ? ಬರ್ತದ, ಅಂದೆ. ಬರಲಿ ಬಿಡು, ಬಂದ್ರೇನು ಬಿಟ್ರೇನು, ಅಂದಳು, ಆಮೇಲೆ ಫೋನು ಇಡುವ ಮುಂಚೆ, ಭೀಮಬಾಯಿ ಅಂತ ಬರಿತಾರೊ, ಭೀಮಬಾಯಿ ರಾಮಲಿಂಗ ಅಂತ ಬರಿತಾರೊ, ಅಂತ ಕೇಳಿದಳು. ಡಿಸೆಂಬರಿನಲ್ಲಿ ನಾನು ಥರ್ಮಾಮೀಟರ್ ಒಯ್ಯಬೇಕಿತ್ತು, ಉಸುಕಿಗೆ ಅದ್ದಿ ನಿಮಿಷ ನಿಮಿಷಕ್ಕೆ ಬರೆದುಕೊಳ್ಳಬೇಕಿತ್ತು, ಒಯ್ಯಲಿಲ್ಲ, ಅವ್ವ ಎಲ್ಲಿಗೆ ಹೋಗುತ್ತಾಳೆ, ಯಾವಾಗ ಬೇಕಾದರೂ ಅಳೆಯಬಹುದು ಅಂದುಕೊಂಡಿದ್ದೆ.

ಜನವರಿಯಲ್ಲಿ ಅವಳಿಗೆ ಜ್ವರ ಬಂದಿತ್ತು. ಎಂಟು ದಿನ, ಮಾಮೂಲಿ ಜ್ವರ, ಮಾಮೂಲಿ ಗುಳಿಗೆ, ಜ್ವರ ಹೋಯಿತು, ಮೂಗು ಹೋಯಿತು. ನನಗೆ ಹೇಳಿದ್ದು ಮಾರ್ಚಿನಲ್ಲಿ, ಮೂರನೆಯ ಓದಿಕೆಗೆ ಕಾಳು ಹುರಿದು ಕೊಡು ಅಂತ ನಾನು ಹೋದಾಗ, ಬಾಣಲೆ ಮುಂದೆ ಕೂತು ಮುಖ ಬಗ್ಗಿಸಿ ಮತ್ತೆ ಮತ್ತೆ ಮೂಸಿದಳು, ಆಮೇಲೆ, ಲುಂಬಿನಿ, ನನಗ ಏನೂ ಬರವಲ್ದು, ಅಂದಳು. ಶಹಾಬಾದಿನ ಡಾಕ್ಟರು ಆರು ತಿಂಗಳು ನೋಡೋಣ ಅಂದಿದ್ದರಂತೆ, ಬಂದರೆ ಬರುತ್ತದೆ. ಯಾರಿಗೂ ಹೇಳಬ್ಯಾಡ, ಅಂಗನವಾಡಿಯಾಗ ಗೊತ್ತಾದ್ರ, ಹಾಲು ಕೆಟ್ಟದ್ದು ತಿಳಿಯಲಾರದಾಕಿ ಮಕ್ಕಳಿಗ ಏನು ಅಡಿಗಿ ಮಾಡ್ತಾಳ ಅಂತ ತೆಗಿತಾರ, ಅಂದಳು, ಅದು ಸುಳ್ಳಲ್ಲ, ತೆಗೆದೇ ತೆಗೆಯುತ್ತಾರೆ. ಹಾಗಾಗಿ ಇದು ಗೊತ್ತಿರುವುದು ನನಗೆ ಮತ್ತು ಪಕ್ಕದ ಕ್ವಾರ್ಟರ್ಸಿನ ಅಮೀರ್ಬೀ ಖಾಲಾಗೆ, ಅಪ್ಪನಿಗೂ ಇಲ್ಲ, ಅಪ್ಪನಿಗೆ ಸಿಮೆಂಟಿನ ಧೂಳಿನಲ್ಲಿ ಅವನದೇ ಮೂಗು ಅರ್ಧ ಮುಚ್ಚಿರುತ್ತದೆ. ಖಾಲಾ ಮೂಗು ಸಾಲ ಕೊಡುತ್ತಾಳೆ, ಬೆಳಿಗ್ಗೆ ಅಂಗನವಾಡಿಗೆ ಹೋಗುವ ಮುಂಚೆ ಬೇಳೆ ಡಬ್ಬಿ ಮೂಸಿ ಕೊಡುತ್ತಾಳೆ, ಹಾಲು ಮೂಸುತ್ತಾಳೆ, ಎಣ್ಣೆ ಮೂಸುತ್ತಾಳೆ, ನನ್ನ ಗಂಡಗ ಗೊತ್ತಾದ್ರ ಅಂತಾನ, ನಮ್ಮ ಮನಿ ಸಾರು ಹೊತ್ತಿದ್ದು ತಿಳಿಯಂಗಿಲ್ಲ, ಪಕ್ಕದ ಮನಿ ಮೂಸಲಿಕ್ಕ ಹೋಗ್ತಿ, ಅಂತ ನಗುತ್ತಾಳೆ. ಕಾಳು ಹುರಿಯುವಾಗ ಖಾಲಾ ಬಾಗಿಲ ಹೊಸ್ತಿಲಲ್ಲಿ ಕೂರುತ್ತಾಳೆ, ಅವ್ವ ಉಸುಕು ತಿರುವುತ್ತಾಳೆ, ಮೊದಲು ಅವಳು ಬಾಣಲೆ ನೋಡುತ್ತಿದ್ದಳು, ಈಗ ಬಾಣಲೆ ನೋಡುವುದಿಲ್ಲ, ಅಮೀರ್ಬೀಯ ಮುಖ ನೋಡುತ್ತಾಳೆ, ಕೈ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಕಣ್ಣು ಖಾಲಾಳ ಮೂಗಿನ ಮೇಲೆ, ಅಲ್ಲೇನಾದರೂ ಬಂತೇ ಅಂತ. ಆಯ್ತು ನೋಡು, ಅನ್ನುತ್ತಾಳೆ ಖಾಲಾ. ಇಸ್ತ್ರಿ ಬಂತೇನ? ಏನೋ ಒಂದು ಬಂತವ್ವಾ, ಇಸ್ತ್ರಿನೋ ಧೋಬಿನೋ ನನಗೇನು ಗೊತ್ತು. ಮಾರ್ಚ್‌ನಿಂದ ಹಾಗೆ ಮೂರು ಸಲ ಹುರಿದರು, ನಲವತ್ನಾಲ್ಕು ಬಂತು, ಅರವತ್ತಾರು ಬಂತು, ಮೂವತ್ತೊಂಬತ್ತು ಬಂತು. ನಾನು ಇಲ್ಲಿ ಉಸುಕು ಥರ್ಮಾಮೀಟರ್ ಎಲ್ಲ ಇಟ್ಟುಕೊಂಡು ನೂರಾ ಐವತ್ತರಿಂದ ನೂರಾ ತೊಂಬತ್ತರವರೆಗೆ ಹತ್ತತ್ತು ಡಿಗ್ರಿಗೆ ಹುರಿದೆ, ಒಂದೂ ಹೊಂದಲಿಲ್ಲ. ಬರೀ ಡಿಗ್ರಿಯಲ್ಲ ಅದು, ಪ್ರತಿ ಹಿಡಿ ಕಾಳಿಗೆ ಒಳಗಿನ ತೇವ ಬೇರೆ, ಇಳಿಸುವ ಹೊತ್ತು ಬೇರೆ, ಅವ್ವ ಅದನ್ನು ಮೂಗಿನಲ್ಲಿ ಅಳೆಯುತ್ತಿದ್ದಳು. ಸಾಲು ಹೋಯಿತು ಅಂತಲೇ ಲೆಕ್ಕ ಹಾಕಿದ್ದೆ, ಹೋದ ವಾರ ಅವ್ವನ ಫೋನು ಬಂತು, ಡಿಸೆಂಬರಿನ ಕಾಳು ಒಂದು ಡಬ್ಬಿ ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿದೆ, ನೀನು ಒಯ್ದ ದಿನವೇ ಹುರಿದದ್ದು, ಅಪ್ಪನ ಚಹಾದ ಜೊತೆಗೆ ಅಂತ ಎತ್ತಿಟ್ಟು ಮರೆತಿದ್ದೆ, ಅಂದಳು. ನಾನು ಸ್ಟೂಲಿನಿಂದ ಎದ್ದು ನಿಂತಿದ್ದೆ, ತಿನ್ನಬ್ಯಾಡ ಯವ್ವಾ, ಯಾರಿಗೂ ಕೊಡಬ್ಯಾಡ, ಐತವಾರ ಬರ್ತೀನಿ, ಅಂತ ಮೂರು ಸಲ ಹೇಳಿದ್ದೆ. ಐತವಾರ ಹೋದೆ, ಅವ್ವ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟಳು, ಸಂಜೆ ಪ್ಯಾಸೆಂಜರ್‌ಗೆ ಕೂತೆ, ಚಿತ್ತಾಪುರದಲ್ಲಿ ಹತ್ತಿದ ಮುದುಕರೊಬ್ಬರು ಎದುರಿಗೆ ಕೂತು ಡಬ್ಬಿಯನ್ನೇ ನೋಡುತ್ತಿದ್ದರು, ಕೈಯಲ್ಲಿ ಕೋರ್ಟಿನ ಕಾಗದದ ಚೀಲ, ಹೆಸರು ಸರ್ದಾರ ಅಂತ ಆಮೇಲೆ ಅವರೇ ಹೇಳಿದರು, ಏನದವ್ವ ಅದರಾಗ? ಕಾಳು ಅದ ಅಜ್ಜಾ, ಪರೀಕ್ಷಾ ಮಾಡಲಿಕ್ಕ ಒಯ್ಯಲಿಕತ್ತೀನಿ. ಪರೀಕ್ಷಾ ಮನುಷ್ಯಾರಿಗ ಇರ್ತದ, ಕಾಳು ಏನು ತಪ್ಪು ಮಾಡ್ಯಾವ, ಅಂದರು, ನಕ್ಕು ಹತ್ತು ಕಾಳು ಎಣಿಸಿ ಕೊಟ್ಟೆ, ಒಸಡಿನಲ್ಲೇ ಜಗಿದು, ಚೊಲೊ ಅವ, ಸ್ವಲ್ಪ ಹೆಚ್ಚ ಹುರದಾರ, ಅಂದರು. ನಿಮಗೇನು ಗೊತ್ತು ಅಂತ ಮನಸ್ಸಿನಲ್ಲೇ ಅಂದುಕೊಂಡು ಡಬ್ಬಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ, ಸೇಡಂ ಬರುವವರೆಗೆ ಕೈ ತೆಗೆಯಲಿಲ್ಲ.

ಎರಡು ಇಪ್ಪತ್ತೆಂಟು. ಫೋನು ಮೇಜಿನ ಮೇಲೆ ಗುಂಯ್ ಅನ್ನುತ್ತಿದೆ, ಅವ್ವ, ಅಂಗನವಾಡಿ ಮುಗಿದು ಮನೆಗೆ ಬಂದಿರಬೇಕು, ಊಟ ಆಯ್ತೇನ? ಆಯ್ತು. ಏನು ಮಾಡಲಿಕತ್ತಿ? ನಿನ್ನ ಕಾಳು ಕಪಾಟದಾಗ ಇಟ್ಟೀನಿ, ಇನ್ನ ಹನ್ನೆರಡು ನಿಮಿಷ. ಹೂಂ, ಅನ್ನುತ್ತಾಳೆ, ಹಿಂದೆ ಗೂಡ್ಸ್ ಗಾಡಿ ಹೋಗುವ ಸದ್ದು, ಅದು ಮುಗಿಯುವವರೆಗೆ ಇಬ್ಬರೂ ಸುಮ್ಮನಿರುತ್ತೇವೆ, ವಾಡಿಯವರು ಫೋನಿನಲ್ಲಿ ಹಾಗೆ ಸುಮ್ಮನಿರುವುದನ್ನು ಕಲಿತಿರುತ್ತಾರೆ, ಗಾಡಿ ಹೋದ ಮೇಲೆ ಕೇಳುತ್ತಾಳೆ, ಮುರುಕ ಅವಿಲ್ಲ? ಏನು? ಕಾಳು, ಜಗಿದು ನೋಡಿದ್ದಿಲ್ಲೇನ, ಕುರುಕುರು ಅಂತಾವಿಲ್ಲ, ಮಳಿಗಾಲಕ್ಕ ಮೆತ್ತಗ ಆಗಿದ್ವು, ಶನಿವಾರ ಒಂದು ಸಲ ಉಸುಕಿನ್ಯಾಗ ಬೆಚ್ಚಗ ಮಾಡಿ ಇಟ್ಟಿದ್ದೆ. ನಾನು ಕಪಾಟಿನ ಬಾಗಿಲು ನೋಡುತ್ತೇನೆ. ಥರ್ಮಾಮೀಟರ್ ಇಪ್ಪತ್ತೇಳು. ಎಲ್ಲಾವೂ? ಅಂತ ಕೇಳಿದ್ದು ನಾನೇ ಇರಬೇಕು. ಎಲ್ಲಾವೂ ಮತ್ತ, ಅರ್ಧ ಮುರುಕ ಅರ್ಧ ಮೆತ್ತಗ ಕೊಡಲಿಕ್ಕ ಆಗ್ತದೇನು, ತಿನ್ನಬ್ಯಾಡ ಅಂದಿದ್ದಿ, ಒಂದು ಕಾಳು ಬಾಯಾಗ ಹಾಕೊಂಡಿಲ್ಲ ನಾ. ಖಾಲಾ ಇದ್ದಳೇನು? ಆಕಿ ಎಲ್ಲಿ, ಮಗಳ ಬಾಣಂತನಕ್ಕ ಶಹಾಬಾದಿಗ ಹೋಗ್ಯಾಳ, ಹದಿನೈದು ದಿನ ಆಯ್ತು, ಬರೀ ಬೆಚ್ಚಗ ಮಾಡಲಿಕ್ಕ ಆಕಿ ಯಾಕ ಬೇಕು. ಆಮೇಲೆ ಕೇಳುತ್ತಾಳೆ, ಯಾಕ, ಹೊತ್ಯಾವೇನು? ಅವಳ ದನಿ ಸಣ್ಣದಾಗುತ್ತದೆ, ನನಗೆ ಆ ದನಿ ಗೊತ್ತು, ಬಾಣಲೆಯ ಮುಂದೆ ಮುಖ ಬಗ್ಗಿಸಿ ಕೂತಾಗಿನ ದನಿ. ಇಲ್ಲ ಯವ್ವಾ, ಅನ್ನುತ್ತೇನೆ, ಚೊಲೊ ಆಗ್ಯಾವ, ಮುರುಕ ಅವ. ಹಂಗನ್ನು ಮತ್ತ, ಅನ್ನುತ್ತಾಳೆ, ಊರಿಗೆ ಹೋಗೋ ಮಗಳ ಕೈಯಾಗ ಮೆತ್ತಗಿನ ಕಾಳು ಹ್ಯಾಂಗ ಕೊಡಲಿ, ಅನ್ನುತ್ತಾಳೆ, ಫೋನು ಇಡುತ್ತಾಳೆ. ಹೌದು, ನಮ್ಮಲ್ಲಿ ಯಾರೂ ಕೊಡುವುದಿಲ್ಲ, ರೊಟ್ಟಿ ಕಟ್ಟುವ ಮುಂಚೆ ಹಂಚಿನ ಮೇಲೆ ಮತ್ತೆ ತಿರುವಿ ಹಾಕುತ್ತಾರೆ, ಶೇಂಗಾ ಹಿಂಡಿ ಬಿಸಿಲಿಗಿಟ್ಟು ಕಟ್ಟುತ್ತಾರೆ, ಮನೆಯಿಂದ ಹೊರಡುವವರ ಗಂಟು ಬೆಚ್ಚಗಿರಬೇಕು, ನಾನು ತಿನ್ನಬ್ಯಾಡ ಅಂದೆ, ಕೊಡಬ್ಯಾಡ ಅಂದೆ, ಬೆಚ್ಚಗ ಮಾಡಬ್ಯಾಡ ಅಂತ ಹೇಳಬೇಕು ಅನ್ನುವುದು ತಲೆಗೇ ಬಂದಿರಲಿಲ್ಲ. ಈಗ ನೋಡಿದರೆ ಎಲ್ಲ ಕಾಣಿಸುತ್ತದೆ, ಸರ್ದಾರಜ್ಜನ ಒಸಡಿಗೆ ಗೊತ್ತಾಗಿತ್ತು, ಪುಡಿ ಮಾಡಿದಾಗ ಬಣ್ಣ ಕಂದು ಅನಿಸಿತ್ತು, ಮೋಡದ ಬೆಳಕು ಅಂದುಕೊಂಡೆ, ಬೆಳಿಗ್ಗೆ ಪ್ರೋಟೀನು ನೀರಿನಲ್ಲಿ ಎಷ್ಟು ಕರಗುತ್ತದೆ ನೋಡಿದೆ, ಫೆಬ್ರವರಿಯಲ್ಲಿ ನೂರಕ್ಕೆ ನಲವತ್ತಾರು ಇದ್ದದ್ದು ಹತ್ತೊಂಬತ್ತು ಬಂತು, ಕರೆಂಟು ಹೋಗಿ ಸೆಂಟ್ರಿಫ್ಯೂಜ್ ನಿಂತಿತ್ತಲ್ಲ, ಖಾಜಾಮಿಯಾ ಇನ್ವರ್ಟರ್ ಹಾಕಲು ತಡ ಮಾಡಿದರು, ಅವರದೇ ತಪ್ಪು ಅಂತ ಪೆನ್ಸಿಲಿನಲ್ಲಿ ಬರೆದಿಟ್ಟೆ. ಪಾಪ ಅವರು ಮೂರೇ ನಿಮಿಷದಲ್ಲಿ ಹಾಕಿದ್ದರು. ಕೌದಿಗಳು ಅಂಟಿಕೊಂಡಿವೆ, ಅಷ್ಟೇ.

ಎರಡು ನಲವತ್ತು. ಬಾಗಿಲು ತೆರೆಯುತ್ತೇನೆ. ಈ ಒಂದೇ ಓದಿಕೆಗೆಂದು ಇಟ್ಟ ಮೂರೂ ಕೊಳವೆಗಳು ಹಳದಿಯಾಗಿವೆ, ತೆಳು ಹಳದಿ, ಹೊಸ ಬೆಲ್ಲದ ನೀರಿನ ಬಣ್ಣ, ಪಕ್ಕದಲ್ಲಿ ಕಾಳು ಹಾಕದ ಕೊಳವೆ ಗಾಢ ನೇರಳೆಯಾಗಿಯೇ ನಿಂತಿದೆ, ಇಷ್ಟು ಚೆಂದ ಇಳಿದದ್ದನ್ನು ಈ ಲ್ಯಾಬಿನಲ್ಲಿ ನಾನು ನೋಡಿಲ್ಲ. ಬಣ್ಣ ಅಳೆಯುವ ಯಂತ್ರದಲ್ಲಿ ಇಡುತ್ತೇನೆ, ಬೆಳಕನ್ನು ಐದುನೂರಾ ಹದಿನೇಳಕ್ಕೆ ತಿರುಗಿಸಿ, ಕಾಳಿಲ್ಲದ್ದು ಸೊನ್ನೆ ಪಾಯಿಂಟ್ ಎಂಟು ಎರಡು, ಅವ್ವನದು ಸೊನ್ನೆ ಪಾಯಿಂಟ್ ಎರಡು ಒಂದು, ಲೆಕ್ಕ ಕಾಗದದ ಮೇಲೆ ಬೇಡ, ಬಾಯಲ್ಲೇ ಬರುತ್ತದೆ, ನೂರಕ್ಕೆ ಎಪ್ಪತ್ನಾಲ್ಕು. ಸುಟ್ಟದ್ದಕ್ಕೂ ಶಕ್ತಿ ಇರುತ್ತದೆ, ಕಾಳು ಹೆಚ್ಚು ಹುರಿದಾಗ ಒಳಗಿನ ಸಕ್ಕರೆ ಪ್ರೋಟೀನಿಗೆ ಹತ್ತಿ ಕಂದು ಬಣ್ಣದ ಹೊಸ ವಸ್ತುಗಳಾಗುತ್ತವೆ, ಅವೂ ಎಲೆಕ್ಟ್ರಾನ್ ಕೊಡುತ್ತವೆ, ಧಾರಾಳವಾಗಿ ಕೊಡುತ್ತವೆ, ನೇರಳೆ ದ್ರವಕ್ಕೆ ಯಾರು ಕೊಟ್ಟರು ಅನ್ನುವುದು ಬೇಕಿಲ್ಲ, ಬಿಚ್ಚಿದ ಪ್ರೋಟೀನು ಕೊಟ್ಟಿತೋ ಕರಕು ಕೊಟ್ಟಿತೋ ಅದಕ್ಕೆ ಎರಡೂ ಒಂದೇ. ಹಿಂದೆ ಶಿವರಂಜನಿ ಮೇಡಂ ಬಂದು ನಿಂತಿದ್ದಾರೆ, ಒದ್ದೆ ಕೊಡೆಯ ನೀರು ನನ್ನ ಚಪ್ಪಲಿಯ ಹತ್ತಿರ ಹನಿಯುತ್ತಿದೆ, ಎಷ್ಟು ಬಂತು? ಎಪ್ಪತ್ನಾಲ್ಕು ಮೇಡಂ. ಬಗ್ಗಿ ಕೊಳವೆ ನೋಡುತ್ತಾರೆ, ಭಾಳ ಚೊಲೊ ಇಳಿದದ, ಅನ್ನುತ್ತಾರೆ, ಹಳೆಯವು ಐವತ್ತೆಂಟು, ಐವತ್ತೇಳು, ಸರಾಸರಿ ಅರವತ್ತಮೂರು ಬರ್ತದ, ಸ್ವಲ್ಪ ಏರುಪೇರು ಅದ, ಮನಿ ವಿಧಾನ ಅಂತ ಬರದರ ಯಾರೂ ಏನೂ ಅನ್ನಂಗಿಲ್ಲ, ಬರ್ಕೊ. ಲ್ಯಾಬಿನ ಪುಸ್ತಕ ತೆರೆದಿದೆ, ಆರನೆಯ ಸಾಲು, ಎರಡು ಮನೆ ತುಂಬಿವೆ, ಮೂರನೆಯದು ಖಾಲಿ, ಸಾಲಿನ ಮುಂದೆ ನನ್ನದೇ ಅಕ್ಷರದಲ್ಲಿ ಭೀಮಬಾಯಿ ರಾಮಲಿಂಗ, ಫೆಬ್ರವರಿಯಲ್ಲೇ ಬರೆದಿಟ್ಟಿದ್ದೆ, ಪೂರ್ತಿ ಹೆಸರು. ಪೆನ್ನು ಕೈಯಲ್ಲಿದೆ. ಏಳು ಮತ್ತು ನಾಲ್ಕು ಬರೆದರೆ ಮುಗಿಯಿತು, ಅವ್ವ ಅಚ್ಚಾದ ಹಾಳೆಯನ್ನು ಅಂಗನವಾಡಿಗೆ ಒಯ್ಯುತ್ತಾಳೆ, ಮಡಿಚಿ ಟ್ರಂಕಿನಲ್ಲಿಡುತ್ತಾಳೆ, ಮುಂದೆ ಯಾರೋ ಚಿಂಚೋಳಿಯಲ್ಲೋ ಎಲ್ಲೋ ಇದನ್ನು ಓದಿ ಅರವತ್ತಮೂರು ಬರಬೇಕು ಅಂತ ಕಾಳು ಹುರಿಯುತ್ತಾರೆ, ಸುಟ್ಟರೆ ಬರುತ್ತದೆ, ಸುಟ್ಟದ್ದನ್ನು ಮಕ್ಕಳಿಗೆ ತಿನ್ನಿಸುತ್ತಾರೆ, ಹೆಸರು ಅವಳದು, ಅವಳು ಜನ್ಮದಲ್ಲಿ ಮಕ್ಕಳಿಗೆ ಸುಟ್ಟ ಕಾಳು ಕೊಟ್ಟವಳಲ್ಲ. ಮೇಡಂ, ಇವು ಎರಡು ಸಲ ಹುರಿದದ್ದು, ಅನ್ನುತ್ತೇನೆ, ಅವ್ವ ಶನಿವಾರ ಮತ್ತ ಬಿಸಿ ಮಾಡ್ಯಾಳ, ಈಗ ಫೋನಿನ್ಯಾಗ ಗೊತ್ತಾಯ್ತು, ಕರಗೋದು ಬರೀ ಹತ್ತೊಂಬತ್ತು ಬಂದದ. ಮೇಡಂ ಕೊಡೆ ಮಡಿಚುತ್ತ, ಫೋನ್ ಎತ್ತಿದ್ದಿಲ್ಲಂದ್ರ ಬರಿತಿದ್ದಿ, ಅನ್ನುತ್ತಾರೆ. ಹೌದ್ರಿ. ಹೊಸದು ಹುರಿಸಲಿಕ್ಕ ಏನು, ನಿಮ್ಮವ್ವ ವಾಡಿಯಾಗೇ ಇದ್ದಾರಲ್ಲ, ಒಂದು ದಿನದ ಕೆಲಸ, ಸೋಮವಾರದ ತನಕಾ ಟೈಮ್ ಕೊಡ್ತೀನಿ. ಆಗಂಗಿಲ್ರಿ ಮೇಡಂ. ಯಾಕ? ಅವ್ವನ ಮೂಗಿನ ಮಾತು ಹೇಳುವಂತಿಲ್ಲ, ಮೇಡಂ ಅವರ ತಂಗಿಯ ಗಂಡ ಅಂಗನವಾಡಿಗಳ ಇಲಾಖೆಯಲ್ಲೇ ಇದ್ದಾರೆ, ಮೇಡಂ ಕೆಟ್ಟವರಲ್ಲ, ಆದರೂ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ಇಷ್ಟು ದೂರ ಬಂದು ಒಂದು ದಿನದ ಆಲಸ್ಯಕ್ಕ ಸಾಲು ಬಿಡ್ತಿ ನೋಡು, ಅನ್ನುತ್ತಾರೆ, ಬೇಜಾರಿನಲ್ಲೇ ಅನ್ನುತ್ತಾರೆ, ನಿನ್ನಿಷ್ಟ, ಅನ್ನುತ್ತಾರೆ, ಹೋಗುತ್ತಾರೆ, ಕೊಡೆಯ ನೀರು ಬಾಗಿಲವರೆಗೆ ಗೆರೆ ಎಳೆದುಕೊಂಡು ಹೋಗುತ್ತದೆ. ಸ್ಕೇಲು ಇಟ್ಟು ಆರನೆಯ ಸಾಲನ್ನು ಅಡ್ಡ ಹೊಡೆಯುತ್ತೇನೆ, ಹೆಸರಿನಿಂದ ಶುರು ಮಾಡಿ ಐವತ್ತೆಂಟು ದಾಟಿ ಐವತ್ತೇಳು ದಾಟಿ ಖಾಲಿ ಮನೆಯ ಕೊನೆಯವರೆಗೆ, ಕೆಮ್ಮಣ್ಣಿನ ಪಟ್ಟಿ ಎಂದೂ ನೆಟ್ಟಗೆ ಬಾರದ ಕೈ ಇವತ್ತು ನೆಟ್ಟಗೆ ಎಳೆದಿದೆ.

ಅವ್ವನಿಗೆ ಏನು ಹೇಳುವುದು, ಪುಸ್ತಕ ತಡ ಆಯಿತು ಅಂತ ಹೇಳಬಹುದು, ಒಂದೆರಡು ತಿಂಗಳು ಕೇಳುತ್ತಾಳೆ, ಆಮೇಲೆ ಕೇಳುವುದಿಲ್ಲ, ಅವಳು ಅಂಥವಳು, ಬಂದ್ರೇನು ಬಿಟ್ರೇನು. ಕೊಳವೆ ತೊಳೆಯಬೇಕು, ಹಳದಿ ನೀರು ತೊಟ್ಟಿಗೆ ಸುರಿಯಬೇಕು, ಯಂತ್ರ ಆರಿಸಬೇಕು, ಏಳುವುದಾಗುತ್ತಿಲ್ಲ, ಶನಿವಾರ ಮಧ್ಯಾಹ್ನ ಅಂದುಕೊಳ್ಳೋಣ, ಅಂಗನವಾಡಿಯಿಂದ ಬಂದಿದ್ದಾಳೆ, ಡಬ್ಬಿ ಬಿಚ್ಚಿ ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿದ್ದಾಳೆ, ಬಾಯಿಗೆ ಹಾಕಿಕೊಂಡಿಲ್ಲ, ತಿನ್ನಬ್ಯಾಡ ಅಂದಿದ್ದೇನೆ, ಮೆತ್ತಗಿದೆ, ಉಸುಕು ಕಾಯಿಸಿದ್ದಾಳೆ, ಸುರಿದಿದ್ದಾಳೆ, ಕೈ ತಿರುವುತ್ತಿದೆ, ಕಾಳಿನಿಂದ ಹಬೆ ಏಳುತ್ತಿದೆ, ಇಸ್ತ್ರಿಯ ವಾಸನೆ ಬಂದು ಹೋಗಿದೆ, ಶೇಂಗಾದ ವಾಸನೆ ಬಂದು ಮನೆ ತುಂಬಿದೆ, ಅವಳಿಗೆ ಏನೂ ಬರುತ್ತಿಲ್ಲ, ಬಾಣಲೆ ನೋಡುತ್ತಿಲ್ಲ, ರೂಢಿಯಿಂದ ಕಣ್ಣೆತ್ತಿ ಹೊಸ್ತಿಲ ಕಡೆ ನೋಡುತ್ತಾಳೆ, ಅಮೀರ್ಬೀ ಕೂರುವ ಜಾಗದಲ್ಲಿ ಯಾರೂ ಇಲ್ಲ, ಮುಖ ಇಲ್ಲ, ಕೈ ತಿರುವುತ್ತಲೇ ಇದೆ, ಅವಳು ಖಾಲಿ ಹೊಸ್ತಿಲನ್ನೇ ನೋಡುತ್ತಿದ್ದಾಳೆ, ಹೊಸ್ತಿಲನ್ನೇ ನೋಡುತ್ತಿದ್ದಾಳೆ. ಡಬ್ಬಿಯಲ್ಲಿದ್ದದ್ದು ಇನ್ನೂರಾ ನಲವತ್ತು ಗ್ರಾಂ. ಎಲ್ಲವೂ ಹೋದವು. ಹದಿನೆಂಟು ಓದಿಕೆಗಳಲ್ಲಿ ಮೂರು ಹೋದವು, ಉಳಿದವು ಹದಿನೈದು.